ಒಂದು ಹೊರೆ ಸೊಪ್ಪಿನ ಜನಾಭಿಪ್ರಾಯ

ನನ್ನ ಸ್ವಭಾವದಲ್ಲಿರುವ ಒಂದು ದೋಷವನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ನನ್ನನ್ನು ಕೇಳದೆ ಯಾರಾದರೂ ಏನಾದರೂ ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳಿದರೆ ಗಾಬರಿಯಾಗುತ್ತದೆ. ಹೋದ ವರ್ಷ ಮನೆಗೆ ಬಣ್ಣ ಹೊಡೆಸುವಾಗ ನನ್ನ ಹೆಂಡತಿ ರತ್ನ, ಅಂಗಡಿಯವರು ಕೊಟ್ಟ ಬಣ್ಣದ ಪುಸ್ತಕವನ್ನು ನನ್ನ ಮುಂದೆ ಹರಡಿ, "ಯಾವ್ದು ಹೊಡ್ಸಣ ರೀ?" ಎಂದು ಮೂರು ದಿನ ಕೇಳಿದಳು. ಮೂರು ದಿನವೂ ನಾನು "ಯಾವ್ದಾದ್ರೂ ಆಗ್ಲಿ, ನಿನ್ನಿಷ್ಟ" ಎಂದೆ. ನಾಲ್ಕನೆಯ ದಿನ ಶಾಲೆ ಮುಗಿಸಿ ಬರುವಷ್ಟರಲ್ಲಿ ಮನೆಯ ಮುಂಭಾಗ ಗಿಳಿಹಸಿರಾಗಿತ್ತು. "ನನ್ನನ್ನ ಒಂದ್ ಮಾತು ಕೇಳಬಾರದಾಗಿತ್ತಾ?" ಎಂದು ಒಂದು ತಿಂಗಳು ಮುಖ ಊದಿಸಿಕೊಂಡು ಓಡಾಡಿದೆ. ಅವಳು ಕೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆದರೆ ಕೇಳಿದಂತೆ ಅನ್ನಿಸಿರಲಿಲ್ಲ. ಹಾಗಾದರೆ ಹೇಗೆ ಕೇಳಬೇಕಿತ್ತು ಎಂದು ಅವಳು ತಿರುಗಿಬಿದ್ದಿದ್ದರೆ ಅದಕ್ಕೂ ನನ್ನ ಹತ್ತಿರ ಉತ್ತರವಿರಲಿಲ್ಲ.

ಈ ದೋಷ ನನ್ನೊಬ್ಬನದೇ ಎಂದು ಬಹಳ ದಿನ ತಿಳಿದುಕೊಂಡಿದ್ದೆ. ಈಗೀಗ ಇದು ಊರಿಗೇ ಅಂಟಿದ ಗುಣವೆಂದು ಗೊತ್ತಾಗಿ ಸ್ವಲ್ಪ ಸಮಾಧಾನವಾಗಿದೆ. ನಮ್ಮೂರು ಕೆಂಚಾರ್ಲಹಳ್ಳಿಯ ಕಡೆ ಇದೆ. ಇದಕ್ಕಿಂತ ಹತ್ತಿರದ ಗುರುತು ಹೇಳಲಾರೆ, ಯಾಕೆ ಹೇಳಲಾರೆ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ. ನಾನು ಪಕ್ಕದ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆಯ ಹಿಂದೆ ಎರಡು ಎಕರೆ ಹಿಪ್ಪುನೇರಳೆ ತೋಟವಿದೆ. ತೋಟಕ್ಕೆ ಅಂಟಿಕೊಂಡಂತೆ ಹುಳುಮನೆ. ಹುಳುಮನೆಯ ಹೆಡ್‌ಮಾಸ್ಟರು ರತ್ನ, ನಾನು ಅಲ್ಲಿ ಅಟೆಂಡರು. ಸೊಪ್ಪಿನ ಹೊರೆ ಹೊತ್ತು ತರುವುದು, ಕಸ ಎತ್ತಿ ಹೊರಗೆ ಹಾಕುವುದು, ಬಾಗಿಲಲ್ಲಿಟ್ಟ ಸುಣ್ಣದ ನೀರಿನಲ್ಲಿ ಕಾಲು ಅದ್ದದೆ ಒಳಗೆ ಬಂದಿದ್ದಕ್ಕೆ ಬೈಸಿಕೊಳ್ಳುವುದು, ಇವು ನನ್ನ ಕರ್ತವ್ಯಗಳು. ಕೊನೆಯ ಹಂತಕ್ಕೆ ಬಂದ ರೇಷ್ಮೆಹುಳುಗಳು ಸೊಪ್ಪು ತಿನ್ನುವ ಸದ್ದು ನನಗೆ ಬಹಳ ಇಷ್ಟ. ಪರೀಕ್ಷೆಯ ಕೊನೆಯ ಹತ್ತು ನಿಮಿಷದಲ್ಲಿ ಮಕ್ಕಳು ತಲೆ ಎತ್ತದೆ ಬರೆಯುತ್ತಾರಲ್ಲ, ಹಾಗಿರುತ್ತದೆ ಅದು. ವ್ಯತ್ಯಾಸ ಇಷ್ಟೇ, ಹುಳುಗಳು ಪಕ್ಕದವರನ್ನು ನೋಡಿ ಬರೆಯುವುದಿಲ್ಲ.

ರೇಷ್ಮೆಹುಳು ಬಹಳ ನಾಜೂಕಿನ ಪ್ರಾಣಿ. ಅದಕ್ಕೆ ಊದುಬತ್ತಿ ಆಗದು, ಬೀಡಿ ಆಗದು, ನನ್ನ ತಲೆಗೆ ಹಚ್ಚುವ ಎಣ್ಣೆಯ ವಾಸನೆಯೂ ಆಗದು ಎಂದು ರತ್ನ ಹೇಳುತ್ತಾಳೆ. ಇನ್ನು ಸೊಳ್ಳೆ ಓಡಿಸುವ ಯಂತ್ರದ ಹೊಗೆಯ ಮಾತು ಕೇಳಬೇಕೆ? ಹಿಂದಿನ ಬೆಳೆಯ ಹೊತ್ತಿನಲ್ಲಿ ಒಂದು ಸಂಜೆ ಪಂಚಾಯ್ತಿಯವರು ಯಾರಿಗೂ ಸುದ್ದಿ ಕೊಡದೆ ಬೀದಿಬೀದಿಯಲ್ಲಿ ಹೊಗೆ ಹೊಡೆಸಿಬಿಟ್ಟರು. ರತ್ನ ಓಡಿಹೋಗಿ ಕಿಟಕಿಗಳಿಗೆ ಗೋಣಿ ಕಟ್ಟುವಷ್ಟರಲ್ಲಿ ಹೊಗೆ ಒಳಗೆ ಬಂದಾಗಿತ್ತು. ಮಾರನೆಯ ಬೆಳಗ್ಗೆ ಹುಳುಗಳು ಸೊಪ್ಪು ಮುಟ್ಟಲಿಲ್ಲ. ಎರಡು ದಿನದಲ್ಲಿ ತಟ್ಟೆತಟ್ಟೆಯೇ ಖಾಲಿಯಾಯಿತು. ನಾನು ಗುಂಡಿ ತೋಡಿದೆ, ಅವಳು ತಂದು ತಂದು ಹಾಕಿದಳು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ನನಗೆ ಅದೇ ಹೆಚ್ಚು ಸಂಕಟವಾಯಿತು. ಕೈ ತೊಳೆದುಕೊಂಡು ಬಂದು ಅವಳು ಒಂದೇ ಮಾತು ಹೇಳಿದಳು: "ಇನ್ನೊಂದು ಬೆಳೆ ಹಿಂಗಾದ್ರೆ ಚಂದ್ರಿಕೆಗಳನ್ನೆಲ್ಲ ಒಲೆಗೆ ಹಾಕ್ತೀನಿ. ಆಮೇಲೆ ನನ್ನನ್ನ ಈ ಕೆಲಸಕ್ಕೆ ಕರೀಬೇಡಿ." ಚಂದ್ರಿಕೆ ಎಂದರೆ ಹುಳುಗಳು ಗೂಡು ಕಟ್ಟುವ ಬಿದಿರಿನ ತಟ್ಟಿ. ಅವಳ ತವರಿನಿಂದ ಬಂದ ತಟ್ಟಿಗಳವು. ಅವಳು ಹೇಳಿದ್ದನ್ನು ಮಾಡುವ ಪೈಕಿ ಎಂಬುದಕ್ಕೆ ನಮ್ಮ ಗಿಳಿಹಸಿರು ಗೋಡೆಯೇ ಸಾಕ್ಷಿ.

ಹೀಗಾಗಿ ಮುಂದಿನ ಗ್ರಾಮಸಭೆಯಲ್ಲಿ ನಾನು ಎದ್ದು ನಿಂತು ಭಾಷಣ ಮಾಡಿದೆ. ಮೇಷ್ಟ್ರು ಭಾಷಣ ಶುರು ಮಾಡಿದರೆ ಬೆಲ್ ಹೊಡೆಯುವ ತನಕ ನಿಲ್ಲಿಸುವುದಿಲ್ಲ, ಗ್ರಾಮಸಭೆಯಲ್ಲಿ ಬೆಲ್ ಇರುವುದಿಲ್ಲ. ಪಂಚಾಯ್ತಿಯಾಗಲಿ, ಪುರಸಭೆಯಾಗಲಿ, ದೊಡ್ಡ ಸರ್ಕಾರವೇ ಆಗಲಿ, ಜನರಿಗೆ ತಟ್ಟುವ ಯಾವ ಕೆಲಸವನ್ನೂ ಜನರನ್ನು ಕೇಳದೆ ಮಾಡಕೂಡದು, ಕೇಳುವುದು ಅವರ ದೊಡ್ಡತನ ಆಗಬಾರದು, ಕಾನೂನು ಆಗಬೇಕು, ಯಾರನ್ನು ಕೇಳಬೇಕು, ಎಷ್ಟು ದಿನ ಮೊದಲು ಕೇಳಬೇಕು, ಕೇಳಿದ್ದನ್ನು ಎಲ್ಲಿ ಬರೆಯಬೇಕು ಎಂದು ಗೆರೆ ಎಳೆದ ಹಾಗೆ ಇರಬೇಕು, ಕೇಳದಿದ್ದರೆ ಶಿಕ್ಷೆಯಾಗಬೇಕು ಎಂದೆಲ್ಲ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಆದರೆ ಮುಂದಿನ ಸಾಲಿನಲ್ಲಿ ಕೂತಿದ್ದ ಅಶ್ವತ್ಥಪ್ಪನವರು ತಟ್ಟಲಿಲ್ಲ. ಅವರು ಪಂಚಾಯ್ತಿಯ ಹಳೆಯ ಸದಸ್ಯರು, ಎಪ್ಪತ್ತು ದಾಟಿದವರು. "ಮೇಷ್ಟ್ರೇ, ಕೇಳೋಕೂ ಕಾನೂನು ಬೇಕಾ?" ಎಂದರು. "ಮದ್ವೆಗೆ ಕರಿಯೋಕೆ ಯಾವ ಕಾನೂನೈತೆ? ಕರೀಬೇಕು ಅನ್ನೋನು ಕರೀತಾನೆ. ಕಾನೂನಿಗೆ ಕರೆದ್ರೆ ಕರೆದಂಗೇ ಇರ್ತದೆ, ಅಷ್ಟೇ."

ಈ ಮಾತು ನನಗೆ ಅಂದು ಉಡಾಫೆಯಾಗಿ ಕಂಡಿತು. ರಾತ್ರಿ ಊಟಕ್ಕೆ ಕೂತಾಗ ಯೋಚನೆಗೆ ಹಚ್ಚಿತು. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಗಂಡಹೆಂಡತಿ ಇಬ್ಬರೂ ಬಂದು, ಕೂತು, ಅರಿಶಿನ ಕುಂಕುಮ ಕೊಟ್ಟು, "ಮನೆಮಂದಿಯೆಲ್ಲ ಎರಡು ದಿನ ಮೊದಲೇ ಬಂದು ನಿಂತು ನಡೆಸಿಕೊಡಬೇಕು" ಎಂದು ಹೇಳಬೇಕು. ನನ್ನ ಚಿಕ್ಕಪ್ಪನ ಮಗ ಗೌರಿಬಿದನೂರಿನಲ್ಲಿ ಮದುವೆ ಮಾಡಿದಾಗ ನಮ್ಮ ಮನೆಗೆ ಬೀಗ ಹಾಕಿತ್ತೆಂದು ಕಿಟಕಿಯಲ್ಲಿ ಕಾರ್ಡು ಸಿಕ್ಕಿಸಿ ಹೋಗಿದ್ದ. ಕಾರ್ಡಿನಲ್ಲಿ ದಿನವಿತ್ತು, ಮುಹೂರ್ತವಿತ್ತು, ಛತ್ರದ ದಾರಿಯಿತ್ತು. ಕಾನೂನಿಗೆ ಬೇಕಾದದ್ದೆಲ್ಲ ಇತ್ತು. ನಾವು ಹೋಗಲಿಲ್ಲ. ಇವತ್ತಿಗೂ ಆ ಮನೆಯವರ ಜೊತೆ ನಮ್ಮ ಮಾತು ಅಷ್ಟಕ್ಕಷ್ಟೇ. ಹಾಗೆಂದು ಕಾರ್ಡೂ ಸಿಕ್ಕಿಸದೆ ಹೋಗಿದ್ದರೆ ಸುಮ್ಮನಿರುತ್ತಿದ್ದೆವೆಯೆ? ಅದೂ ಇಲ್ಲ. ಅಂದರೆ ಕಾರ್ಡು ಬೇಕೋ ಬೇಡವೋ? ಮುದ್ದೆ ಆರಿಹೋಯಿತು, ತೀರ್ಮಾನ ಆಗಲಿಲ್ಲ.

ಅಷ್ಟರಲ್ಲಿ ನಮ್ಮ ಪಂಚಾಯ್ತಿಗೆ ಹೊಸ ಪಿಡಿಒ ಬಂದಿದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಚಿಂತಾಮಣಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನಾ ಸ್ಕೂಟರಿನಲ್ಲಿ ಬರುತ್ತಿದ್ದರು. ಎದುರಿಗಿರುವವರು ಹೇಳಿದ್ದನ್ನು ಕೇಳಿಸಿಕೊಂಡು ಬರೆದುಕೊಳ್ಳುವ ವಿಚಿತ್ರ ಅಭ್ಯಾಸ ಅವರಿಗಿತ್ತು. ನನ್ನ ಭಾಷಣವನ್ನೂ ಬರೆದುಕೊಂಡಿದ್ದರು. ಒಂದು ದಿನ ಕರೆಸಿ, "ಸರ್, ನೀವು ಹೇಳಿದ್ದು ನಿಜ. ಕಾನೂನು ಆದಾಗ ಆಗ್ಲಿ, ನಾವು ಈಗ್ಲೇ ಹಂಗೆ ನಡ್ಕೊಳ್ಳೋಣ. ಹೊಗೆ ಹೊಡ್ಸೋ ಮುಂಚೆ ಮನೆಮನೆಗೆ ಹೋಗಿ ಯಾರ ಮನೇಲಿ ಹುಳ ಇದೆ, ಯಾವ ಹಂತದಲ್ಲಿದೆ ಅಂತ ಕೇಳ್ಬೇಕು. ನಿಯಮ ನೀವೇ ಬರ್ಕೊಡಿ, ವಿಚಾರಣೆನೂ ನೀವೇ ಮಾಡ್ಕೊಡಿ" ಎಂದರು. ನನ್ನ ಎದೆ ಎರಡಂಗುಲ ಉಬ್ಬಿತು. ಕೂತು ಬರೆದೆ. ಮೂರು ದಿನ ಮೊದಲು ತಿಳಿಸತಕ್ಕದ್ದು. ಪ್ರಶ್ನೆ ನೇರವಾಗಿ, ಸರಳವಾಗಿ, ಸ್ಪಷ್ಟವಾಗಿ ಇರತಕ್ಕದ್ದು. ಜನ ಹೇಳಿದ್ದನ್ನು ಹೇಳಿದಂತೆಯೇ ಬರೆಯತಕ್ಕದ್ದು, ಬರೆಯುವವರು ತಮ್ಮ ಊಹೆಯನ್ನು ಸೇರಿಸಕೂಡದು. ಈ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದವನೂ ನಾನೇ. ಯಾರ ಗುಂಡಿಯನ್ನು ಯಾರು ತೋಡುತ್ತಿದ್ದಾರೆ ಎಂಬುದು ಆಗ ತಿಳಿಯಲಿಲ್ಲ.

ಮಳೆ ಬಿದ್ದು ಹದಿನೈದು ದಿನಕ್ಕೆ ಸೊಳ್ಳೆಗಳು ಎದ್ದವು. ನನ್ನ ಒಂಬತ್ತನೆಯ ತರಗತಿಯಲ್ಲಿ ಅರ್ಧ ಬೆಂಚು ಖಾಲಿ. ಹಾಜರಿ ಕೂಗಿದರೆ "ಜ್ವರ ಸಾರ್, ಚಿಂತಾಮಣಿ ಆಸ್ಪತ್ರೆ ಸಾರ್" ಎಂಬ ಉತ್ತರ. ಹೊಗೆ ಹೊಡೆಯಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಅದೇ ಹೊತ್ತಿಗೆ ಊರಿನ ಹುಳುಮನೆಗಳಲ್ಲಿ ಬೆಳೆ ಕೊನೆಯ ಹಂತಕ್ಕೆ ಬಂದಿತ್ತು. ರತ್ನಳ ಹುಳುಗಳು ಇನ್ನು ಆರೇಳು ದಿನದಲ್ಲಿ ಹಣ್ಣಾಗಿ, ಚಂದ್ರಿಕೆ ಏರಿ ಗೂಡು ಕಟ್ಟಬೇಕಾಗಿದ್ದವು. ಗುಂಡಿಗೆ ಹಾಕಿದ ಆ ಬೆಳೆಯಾದ ಮೇಲೆ ಅವಳು ಎತ್ತಿದ ಮೊದಲ ಬೆಳೆ ಇದು. ಅವಳು ಹುಳುಮನೆಯಿಂದ ಹೊರಗೆ ಬರುವುದೇ ಅಪರೂಪವಾಗಿತ್ತು.

ಭಾನುವಾರ ನಾನು ಪಂಚಾಯ್ತಿಯ ನಮೂನೆಗಳನ್ನು ಕಂಕುಳಲ್ಲಿಟ್ಟುಕೊಂಡು ಹೊರಟೆ. ಮೊದಲು ಸಿಕ್ಕಿದ್ದು ಎದುರು ಮನೆಯ ಅಕ್ಕಾಯಮ್ಮ. ಜಗಲಿಯ ಮೇಲೆ ಕೂತಿದ್ದ ಮುದುಕಿಯ ಸೆರಗಿಗೆ ಹಿಪ್ಪುನೇರಳೆ ಎಲೆ ಅಂಟಿತ್ತು, ಕೈಯೆಲ್ಲ ಹಸಿರಾಗಿತ್ತು, ಒಳಗಿನಿಂದ ಹುಳು ತಿನ್ನುವ ಸದ್ದು ಬೀದಿಗೆ ಕೇಳುತ್ತಿತ್ತು. "ಅಕ್ಕಾಯಮ್ಮ, ನಿಮ್ಮನೇಲಿ ಹುಳ ಐತಾ?" ಎಂದು ನಿಯಮದಂತೆ ನೇರವಾಗಿ, ಸರಳವಾಗಿ, ಸ್ಪಷ್ಟವಾಗಿ ಕೇಳಿದೆ. "ಯಾಡುಂದಿ ನಾಯನಾ, ಅಂತಾ ಪೋಯಿಂದಿ" ಎಂದಳು. ಎಲ್ಲಿದೆಯಪ್ಪಾ, ಎಲ್ಲಾ ಹೋಯ್ತು ಎಂದು. ನಾನು ತೆಲುಗು ತಿಳಿಯದವನಂತೆ ನಿಂತದ್ದನ್ನು ನೋಡಿ ಕನ್ನಡದಲ್ಲೂ ಹೇಳಿದಳು: "ಇಲ್ಲ ಕಣಪ್ಪ, ಈ ಸತಿ ಮಾಡ್ಲೇ ಇಲ್ಲ." ಅದರ ಮುಂದಿನ ಮನೆಯಲ್ಲೂ ಇಲ್ಲ. ಅದರ ಮುಂದಿನ ಮನೆಯವರು ಬೈಕಿನಿಂದ ಸೊಪ್ಪಿನ ಹೊರೆ ಇಳಿಸುತ್ತಲೇ "ಇಲ್ಲ ಮೇಷ್ಟ್ರೇ" ಎಂದರು. ಹೊರೆ ಯಾರಿಗೆ ಎಂದು ಕೇಳಬೇಕೆನ್ನಿಸಿತು. ಆದರೆ ಊಹೆ ಸೇರಿಸಕೂಡದೆಂದು ಗೆರೆ ಎಳೆದವನು ನಾನೇ ಅಲ್ಲವೆ? ಊರಿಗೆ ಊರೇ ಸುತ್ತಿದೆ. ಹುಳು ಇರುವ ಮನೆ ಒಂದೂ ಸಿಗಲಿಲ್ಲ.

ಹೊರಗಿನವರಿಗೆ ಇದು ಸುಳ್ಳು ಎನ್ನಿಸಬಹುದು. ಹುಳು ಸಾಕುವವರಿಗೆ ಇದು ಸುಳ್ಳಲ್ಲ, ಬೇಸಾಯದ ಒಂದು ಭಾಗ. ಹುಳು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ. ಬೆಳೆ ಕೆಟ್ಟಿದ್ದರೆ ಊರೆಲ್ಲ ಹೇಳಿಕೊಳ್ಳಬಹುದು, ನೆಟ್ಟಗಿದ್ದರೆ ಇಲ್ಲವೇ ಇಲ್ಲ ಎನ್ನಬೇಕು. ಗೂಡು ಚೀಲಕ್ಕೆ ತುಂಬಿ ಶಿಡ್ಲಘಟ್ಟದ ಮಾರುಕಟ್ಟೆಯ ಬಸ್ಸು ಹತ್ತುವ ತನಕ ಅಕ್ಕಪಕ್ಕದವರಿಗೂ ಗೊತ್ತಾಗಬಾರದು. ಎಲ್ಲರಿಗೂ ಗೊತ್ತಿರುತ್ತದೆ, ಗೊತ್ತಾಗಬಾರದು ಅಷ್ಟೆ. ಇನ್ನು ಕಾಗದದ ಮೇಲೆ, ಹೆಸರಿನ ಮುಂದೆ, ಸರ್ಕಾರದ ಸೀಲು ಬೀಳುವ ಕಡೆ, ಇದೆ ಎಂದು ಬರೆಸುವ ಧೈರ್ಯ ಯಾರಿಗಿದ್ದೀತು?

ಮಂಗಳವಾರ ಮಧ್ಯಾಹ್ನ ಪಂಚಾಯ್ತಿ ಕಚೇರಿಯಲ್ಲಿ ಪಿಡಿಒ ಮೇಡಂ ನಮೂನೆಗಳನ್ನು ತಿರುವಿ ಹಾಕಿದರು. ಅಶ್ವತ್ಥಪ್ಪನವರೂ, ಹೊಗೆ ಯಂತ್ರ ಹಿಡಿಯುವ ವಾಟರ್‌ಮ್ಯಾನ್ ನಾರಾಯಣಸ್ವಾಮಿಯೂ ಅಲ್ಲೇ ಇದ್ದರು. "ಸರ್, ಇಡೀ ಊರಲ್ಲಿ ಒಂದು ಮನೇಲೂ ಹುಳ ಇಲ್ವಾ?" ಎಂದು ಮೇಡಂ ಕೇಳಿದರು. "ಮೇಡಂ, ಅವರೆಲ್ಲ ಹಂಗೇ ಹೇಳ್ತಾರೆ, ಇರುತ್ತೆ" ಎಂದೆ. "ಯಾರ್ಯಾರ ಮನೇಲಿ ಇರುತ್ತೆ?" "ಎಲ್ಲರ ಮನೇಲೂ." "ಹಂಗಾದ್ರೆ ಇಲ್ಲ ಅಂತ ಯಾಕೆ ಬರ್ಕೊಂಡು ಬಂದ್ರಿ?" "ಅವರು ಹೇಳಿದ್ದು ಅದನ್ನೇ ಅಲ್ವಾ ಮೇಡಂ, ನಿಯಮ." ಅವರು ಮೇಲಿನ ಹಾಳೆಯನ್ನು ಎತ್ತಿ ಓದಿದರು. ಕ್ರಮಸಂಖ್ಯೆ ಒಂದು, ಮೇಷ್ಟ್ರ ಮನೆ, ಹುಳು: ಇಲ್ಲ. ಸಹಿ: ನನ್ನದು.

ಇದನ್ನು ನಿಮ್ಮಿಂದ ಇಷ್ಟು ಹೊತ್ತು ಮುಚ್ಚಿಟ್ಟಿದ್ದಕ್ಕೆ ಕ್ಷಮೆಯಿರಲಿ. ಭಾನುವಾರ ಮನೆಯಿಂದ ಹೊರಡುವ ಮೊದಲು ಮೊದಲನೆಯ ಸಾಲನ್ನು ನಾನೇ ತುಂಬಿದ್ದೆ. ನಾನು ವಿಜ್ಞಾನದ ಮೇಷ್ಟ್ರು. ದೃಷ್ಟಿ ಎಂಬುದೆಲ್ಲ ಮೂಢನಂಬಿಕೆ ಎಂದು ಪ್ರತಿವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ, ಪರೀಕ್ಷೆಯಲ್ಲಿ ಪ್ರಶ್ನೆಯನ್ನೂ ಕೊಡುತ್ತೇನೆ. ಆದರೆ ಪೆನ್ನು ಆ ಕಾಲಂ ಹತ್ತಿರ ಬಂದಾಗ ಕೈ ತಾನಾಗಿಯೇ "ಇಲ್ಲ" ಎಂದು ಬರೆಯಿತು. ಹಿಂದಿನ ಬೆಳೆ ಹಾಕಿದ ಗುಂಡಿ ಕಣ್ಣ ಮುಂದಿರುವಾಗ ವಿಜ್ಞಾನವನ್ನು ಪರೀಕ್ಷೆ ಮಾಡುವ ಧೈರ್ಯ ನನಗಾಗಲಿಲ್ಲ.

"ಸರ್, ನಿಮ್ಮನೇಲಿ ಇದ್ರೆ ಈಗ್ಲೇ ಹೇಳಿ, ತಿದ್ದೋಣ" ಎಂದು ಮೇಡಂ ಪೆನ್ನು ಹಿಡಿದರು. ಅಶ್ವತ್ಥಪ್ಪನವರು ನನ್ನನ್ನೇ ನೋಡುತ್ತಿದ್ದರು. ನಾರಾಯಣಸ್ವಾಮಿಯೂ ನೋಡುತ್ತಿದ್ದ. ನಾಲ್ಕು ಕಣ್ಣು. "ಇರಬಹುದು" ಎಂದೆ. "ಇರಬಹುದು ಅಂತ ಕಾಲಂ ಇಲ್ಲ ಸರ್" ಎಂದರು ಮೇಡಂ. ಆಮೇಲೆ ಮೆತ್ತಗೆ ಹೇಳಿದರು: "ಹೋದ ಸತಿ ಜನಾನ ಕೇಳ್ಲಿಲ್ಲ ಅಂದ್ರಿ. ಈ ಸತಿ ಕೇಳಿದ್ದೀವಿ. ಮಕ್ಕಳು ಜ್ವರದಲ್ಲಿ ಮಲಗಿದ್ದಾರೆ. ಜನಾನೇ ಇಲ್ಲ ಅಂತ ಬರೆದುಕೊಟ್ಟ ಮೇಲೆ ನಾನು ಏನು ಅಂತ ನಿಲ್ಲಿಸ್ಲಿ?" ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದು ನನ್ನದೇ ಮಾತು. ಬುಧವಾರ ಸಂಜೆ ಐದಕ್ಕೆ ಹೊಗೆ ಎಂದು ತೀರ್ಮಾನವಾಯಿತು.

ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ತಲೆ ಗೊಂದಲದ ಗೂಡಾಗಿತ್ತು. ಕಾನೂನು ಇಲ್ಲದಿದ್ದಾಗ ಅವರು ಕೇಳಲಿಲ್ಲ, ಹುಳು ಸತ್ತವು. ಕಾನೂನಿದ್ದ ಹಾಗೆಯೇ ನಡೆದುಕೊಂಡರು, ಈಗಲೂ ಸಾಯುತ್ತವೆ. ಇಷ್ಟೇ ವ್ಯತ್ಯಾಸ, ಈ ಸಲ ನಮ್ಮ ಸಹಿಯೊಂದಿಗೆ ಸಾಯುತ್ತವೆ. ಹಿಂದಿನ ಸಲ ಪಂಚಾಯ್ತಿಯನ್ನು ಬೈಯುವ ಅವಕಾಶವಾದರೂ ಇತ್ತು, ಈಗ ಅದೂ ಹೋಯಿತು. ಹಾಗಾದರೆ ಕೇಳದೇ ಇದ್ದದ್ದೇ ಒಳ್ಳೆಯದಿತ್ತೆ? ಛೆ, ಅದು ಹೇಗಾದೀತು? ಕೇಳುವವರಿಗೆ ಮಾತ್ರ ಕಾನೂನು ಮಾಡಿದರೆ ಸಾಲದು, ಉತ್ತರ ಹೇಳುವವರಿಗೂ ಮಾಡಬೇಕೇನೋ ಎನ್ನಿಸಿತು. ನಿಜ ಹೇಳದವರಿಗೆ ಶಿಕ್ಷೆ ಎಂದು. ಆ ಕಾನೂನಿನ ಮೊದಲ ಕೈದಿ ಕ್ರಮಸಂಖ್ಯೆ ಒಂದು ಎಂದು ನೆನಪಾಗಿ ಆ ಯೋಚನೆಯನ್ನು ಅಲ್ಲೇ ಕೈಬಿಟ್ಟೆ.

ಹೇಗೆ ಹೇಳುವುದೆಂದು ತಿಳಿಯದೆ ಬುಧವಾರ ಬೆಳಗಿನ ತನಕ ರತ್ನಳಿಗೆ ಹೇಳಲೇ ಇಲ್ಲ. ಕೊನೆಗೆ ಹುಳುಮನೆಯ ಬಾಗಿಲಲ್ಲಿ, ಸುಣ್ಣದ ನೀರಿನಲ್ಲಿ ಕಾಲಿಟ್ಟುಕೊಂಡೇ ಎಲ್ಲವನ್ನೂ ಒಪ್ಪಿಸಿದೆ. ಅವಳ ಕೈಯಲ್ಲಿದ್ದ ಸೊಪ್ಪು ಹಾಗೆಯೇ ನಿಂತಿತು.

"ನಮ್ಮನೇಲಿ ಐತೆ ಅಂತ ಯಾಕೆ ಹೇಳ್ಲಿಲ್ಲ ನೀವು?" ಎಂದಳು.

"ನೀನಾಗಿದ್ರೆ ಹೇಳ್ತಿದ್ಯಾ?"

"ನಾನ್ಯಾಕೆ ಹೇಳ್ಲಿ? ಹುಳ ಐತೆ ಅಂತ ಡಂಗೂರ ಹೊಡ್ಕೊಂಡು ಯಾರ್ ಉದ್ಧಾರ ಆಗವ್ರೆ?"

ಹುಳುಗಳು ತಿನ್ನುತ್ತಲೇ ಇದ್ದವು. ಅವಳ ಕಣ್ಣು ಮೂಲೆಯಲ್ಲಿ ಒರಗಿಸಿದ್ದ ಚಂದ್ರಿಕೆಗಳ ಮೇಲೆ ಹೋಯಿತು. ನನ್ನ ಕಡೆ ತಿರುಗಿ, "ನೀವು ಅವರನ್ನ ಏನಂತ ಕೇಳಿದ್ರಿ?" ಎಂದಳು. "ಹುಳ ಐತಾ ಅಂತ." "ಹಂಗೇ ಕೇಳಿದ್ರಾ? ಮುಖಕ್ಕೆ ಮುಖ ಕೊಟ್ಟು?" "ನೇರವಾಗಿ ಕೇಳಬೇಕು ಅಂತ ನಿಯಮ ಕಣೇ." ಹೈಸ್ಕೂಲು ಮೇಷ್ಟ್ರನ್ನು ಕೈಹಿಡಿದದ್ದಕ್ಕೆ ಮರುಗುವ ಹೆಂಗಸಿನ ಹಾಗೆ ನನ್ನನ್ನು ನೋಡಿ, ಗೋಡೆಯ ಗೂಟದಲ್ಲಿದ್ದ ಸೊಪ್ಪು ಕಟ್ಟುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟೇಹೋದಳು.

ಆಮೇಲೆ ನಡೆದದ್ದನ್ನು ನಾನು ಅಂದು ಶಾಲೆಗೆ ರಜೆ ಹಾಕಿ ಜಗಲಿಯ ಮೇಲೆ ಕೂತು ಕಣ್ಣಾರೆ ಕಂಡೆ. ರತ್ನ ಅಕ್ಕಾಯಮ್ಮನ ಮುಂದೆ ನಿಂತು, "ಅಕ್ಕಾಯಮ್ಮ, ಒಂದು ಹೊರೆ ಸೊಪ್ಪು ಸಿಕ್ತದಾ? ನಮ್ಮದು ಸಾಲ್ದೆ ಬಂತು" ಎಂದಳು. ಹುಳುವಿನ ಮಾತೇ ಇಲ್ಲ. ಅಕ್ಕಾಯಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ, ನಮ್ಗೇ ಸಾಲ್ದು ಕಣಮ್ಮ. ಶುಕ್ರವಾರ ಬಾ, ಎಷ್ಟು ಬೇಕಾದ್ರೂ ಕುಯ್ಕೊಂಡು ಹೋಗು" ಎಂದಳು. ರತ್ನ ಮುಂದಿನ ಮನೆಗೆ ನಡೆದಳು. ಅಲ್ಲಿ "ಶನಿವಾರದ ಮೇಲೆ ಕೊಡ್ತೀವಿ" ಎಂದರು. ಅದರ ಮುಂದಿನವರು "ಇವತ್ತೊಂದು ದಿನ ತಡ್ಕೊಳಮ್ಮ" ಎಂದರು. ನನ್ನ ಮಂದಬುದ್ಧಿಗೆ ನಾಲ್ಕನೆಯ ಮನೆಯ ಹೊತ್ತಿಗೆ ಬೆಳಕು ಹರಿಯಿತು. ಹುಳುವಿಲ್ಲದ ಮನೆಯಲ್ಲಿ ಸೊಪ್ಪು ಸಾಲದೆ ಬರುವುದೆಂತು? ಶುಕ್ರವಾರ ಸೊಪ್ಪು ಮಿಗುತ್ತದೆಂದರೆ ಶುಕ್ರವಾರ ಹುಳು ಹಣ್ಣಾಗಿ ತಿನ್ನುವುದನ್ನು ಬಿಡುತ್ತವೆ ಎಂದರ್ಥ. ಹುಳು ಇದೆಯೋ ಇಲ್ಲವೋ ಎಂಬುದಷ್ಟೇ ಅಲ್ಲ, ಯಾವ ದಿನ ಗೂಡು ಕಟ್ಟುತ್ತವೆ ಎಂಬುದನ್ನೂ ಊರಿಗೆ ಊರೇ ನನ್ನ ಹೆಂಡತಿಗೆ ಹೇಳುತ್ತಿತ್ತು. ಯಾರೂ ಏನನ್ನೂ ಹೇಳಿರಲಿಲ್ಲ, ಯಾರಿಗೂ ದೃಷ್ಟಿ ತಾಕಿರಲಿಲ್ಲ. ಕೇಳಿದ ರತ್ನಳೂ ತನ್ನ ಮನೆಯಲ್ಲಿ ಹುಳು ಇದೆ ಎಂದು ಬಾಯಿಬಿಟ್ಟಿರಲಿಲ್ಲ. ಸೊಪ್ಪು ಸಾಲದು ಎಂದಿದ್ದಳು, ಅಷ್ಟೆ.

ಅವಳು ಮಧ್ಯಾಹ್ನ ಮೂರಕ್ಕೆ ತಿರುಗಿ ಬಂದು, ಬೆರಳು ಮಡಿಸುತ್ತಾ ಒಂದೊಂದೇ ಮನೆಯ ದಿನವನ್ನು ಒಪ್ಪಿಸಿದಳು. ನಾನು ಬರೆದುಕೊಂಡೆ. ಎಲ್ಲರಿಗಿಂತ ತಡವಾದ ಮನೆ ಭಾನುವಾರಕ್ಕೆ ಮುಗಿಯುತ್ತಿತ್ತು, ಗೂಡಿನೊಳಗೆ ಸೇರಿಕೊಂಡ ಹುಳುವಿಗೆ ಹೊಗೆಯ ಭಯ ಅಷ್ಟಿಲ್ಲ. ಇಡೀ ಊರಿನಲ್ಲಿ ಅವಳ ಹೆಗಲಿಗೆ ಸೊಪ್ಪು ಹೊರಿಸಿ ಕಳಿಸಿದವರು ಒಬ್ಬರೇ, ಅಶ್ವತ್ಥಪ್ಪನವರು. ಅವರ ಬೆಳೆ ಹಿಂದಿನ ವಾರವೇ ಮುಗಿದಿತ್ತು. ಭಾನುವಾರ ನನ್ನ ನಮೂನೆಯಲ್ಲಿ "ಇಲ್ಲ" ಎಂದು ನಿಜವನ್ನೇ ಬರೆಸಿದ್ದ ಏಕಮಾತ್ರ ವ್ಯಕ್ತಿಯೂ ಅವರೇ ಆಗಿದ್ದರು. ಕಾನೂನು ಬೇಡವೆಂದವರೂ ಅವರೇ.

ನಾನು ಬೈಕ್ ಹತ್ತಿ ಪಂಚಾಯ್ತಿಗೆ ಹೋಗುವಷ್ಟರಲ್ಲಿ ನಾರಾಯಣಸ್ವಾಮಿ ಮೂಗಿಗೆ ಟವೆಲು ಕಟ್ಟಿಕೊಂಡು ಯಂತ್ರವನ್ನು ಹೆಗಲಿಗೆ ಏರಿಸುತ್ತಿದ್ದ. "ಸ್ವಲ್ಪ ತಡಿಯಪ್ಪ" ಎಂದು ಅವನ ತೋಳು ಹಿಡಿದೆ. ಮೇಡಂ ಹೊರಗೆ ಬಂದರು. ಚೀಟಿ ಕೊಟ್ಟು ಸೊಪ್ಪಿನ ಕಥೆಯನ್ನು ಹೇಳಿದೆ. ಅವರು ಎರಡು ಸಲ ಕೇಳಿಸಿಕೊಂಡರು, ನಗಲಿಲ್ಲ. "ಅಂದ್ರೆ ಸೋಮವಾರ ಹೊಡೆದ್ರೆ ಯಾರಿಗೂ ತೊಂದರೆ ಇಲ್ಲ, ಅಲ್ವಾ ಸರ್?" ಎಂದರು. ಅಂದು ಯಂತ್ರ ಕೆಳಗಿಳಿಯಿತು. ಅದರ ಬದಲು ನಾರಾಯಣಸ್ವಾಮಿ ಚರಂಡಿ ಎತ್ತಿದ, ಮನೆಮನೆಯ ತೊಟ್ಟಿ, ಡ್ರಮ್ಮುಗಳ ನೀರು ಚೆಲ್ಲಿಸಿದ. ಹೆಂಗಸರು ಅವನಿಗೆ ಮನಸಾರೆ ಬೈದರು. ಸೊಳ್ಳೆ ಮರಿಗಳ ನೀರಾದರೂ ಸರಿ, ಕೇಳದೆ ಚೆಲ್ಲುವುದೇನು ಎಂದು.

ಉಳಿದದ್ದು ದಾಖಲೆಯ ಸಮಸ್ಯೆ. ಜನರು ಬರೆದುಕೊಟ್ಟಿದ್ದು ಇಲ್ಲ ಎಂದು. ಮುಂದೂಡಿದ್ದು ಇದೆ ಎಂದು. ಇದನ್ನು ಕಡತದಲ್ಲಿ ಹೇಗೆ ಬರೆಯುವುದು? ಮೇಡಂ ಆ ಕೆಲಸವನ್ನೂ ನನಗೇ ಒಪ್ಪಿಸಿದರು. "ಸಾರ್ವಜನಿಕರಲ್ಲಿ ಸೊಪ್ಪನ್ನು ಯಾಚಿಸಲಾಗಿ, ಸದರಿಯವರು ಅದನ್ನು ನಿರಾಕರಿಸಿದ ಕಾರಣ" ಎಂದು ಶುರು ಮಾಡಿ ಒಂದು ಪುಟ ಬರೆದೆ. ಅದನ್ನು ಓದಿದರೆ ಪಂಚಾಯ್ತಿಯವರು ಭಿಕ್ಷೆಗೆ ಹೋಗಿದ್ದರೆನ್ನಿಸುತ್ತಿತ್ತು. ಮೇಡಂ ಎಲ್ಲವನ್ನೂ ಹೊಡೆದುಹಾಕಿ, "ಸ್ಥಳೀಯ ಪದ್ಧತಿಯಂತೆ ವಿಚಾರಿಸಲಾಗಿ" ಎಂದು ಮೂರು ಪದ ಬರೆದರು. ನಾನು ಗೆರೆ ಎಳೆದಿದ್ದ ನಿಯಮ ಆ ಹಾಳೆಯ ಕೆಳಗೆ ಸದ್ದಿಲ್ಲದೆ ಮಲಗಿತು.

ಶನಿವಾರ ನಮ್ಮ ಹುಳುಗಳು ಹಣ್ಣಾದವು. ಮೈ ಹಳದಿ ತಿರುಗಿ, ತಲೆ ಎತ್ತಿ, ಚಂದ್ರಿಕೆಯ ಸುತ್ತುಗಳಲ್ಲಿ ಒಂದೊಂದೇ ಜಾಗ ಹಿಡಿದು ಕೂತವು. ರತ್ನ ರಾತ್ರಿಯ ಊಟ ಮರೆತು ನೋಡುತ್ತಾ ನಿಂತಿದ್ದಳು. "ಚೆನ್ನಾಗ್ ಆಗಿದೆ ಅಲ್ವಾ?" ಎಂದುಬಿಟ್ಟೆ. "ಸುಮ್ನಿರ್ರೀ" ಎಂದು ಗದರಿದಳು, ಆದರೆ ನಗುತ್ತಿದ್ದಳು. ಆ ನಗುವನ್ನು ನೋಡಿ ಎಷ್ಟೋ ದಿನವಾಗಿತ್ತು. ಸೋಮವಾರ ಹೊಗೆ ಹೊಡೆದರು. ನನ್ನ ತರಗತಿಯ ಬೆಂಚುಗಳು ಒಂದೊಂದಾಗಿ ತುಂಬಿದವು.

ಇದೆಲ್ಲ ಆಗಿ ಒಂದು ತಿಂಗಳಿಗೆ ಮೇಡಂ ಒಂದು ಕಾಗದ ಕಳಿಸಿದರು. ಸಾರ್ವಜನಿಕ ಸಂಸ್ಥೆಗಳು ಜನಾಭಿಪ್ರಾಯ ಪಡೆಯುವುದನ್ನು ಕಾನೂನಿನ ಮೂಲಕ ಕಡ್ಡಾಯ ಮಾಡಬೇಕೆ, ತಮ್ಮ ಅಭಿಪ್ರಾಯವೇನು ಎಂದು ನನ್ನನ್ನು ಕೇಳಿದ್ದರು. ನನ್ನ ಭಾಷಣದ ನೆನಪಿನಿಂದ, ಗೌರವದಿಂದಲೇ ಕೇಳಿದ್ದರು. ನಾನು ಮೂರು ದಿನದಿಂದ ಅದರ ಮುಂದೆ ಕೂತಿದ್ದೆ. ಕಡ್ಡಾಯ ಮಾಡಬೇಕು ಎಂದು ಬರೆಯೋಣವೆಂದರೆ ನಾನು ಸಂಗ್ರಹಿಸಿದ ಜನಾಭಿಪ್ರಾಯ ಕಣ್ಣ ಮುಂದೆ ಬರುತ್ತದೆ. ಬೇಡ ಎಂದು ಬರೆಯೋಣವೆಂದರೆ ಆ ಗುಂಡಿ ಕಾಣುತ್ತದೆ. ಮೂರು ದಿನ ಮೊದಲು ತಿಳಿಸತಕ್ಕದ್ದು ಎಂಬ ನಿಯಮ ಇಲ್ಲದೇ ಹೋಗಿದ್ದರೆ ಭಾನುವಾರವೇ ಹೊಗೆ ಬೀಳುತ್ತಿತ್ತು, ರತ್ನಳಿಗೆ ಬಟ್ಟೆ ಹೆಗಲಿಗೆ ಹಾಕಿಕೊಳ್ಳಲು ಸಮಯವೇ ಸಿಗುತ್ತಿರಲಿಲ್ಲ. ಅದೂ ನಿಜ. ಆದರೆ ಸೊಪ್ಪು ಕೇಳುವುದನ್ನು ಯಾವ ಕಾನೂನಿನಲ್ಲಿ ಬರೆಯುತ್ತೀರಿ? ಬರೆದ ಮಾರನೆಯ ದಿನ ಊರಿನವರು ಹುಷಾರಾಗಿ ಕೇಳಿದವರಿಗೆಲ್ಲ ಸೊಪ್ಪು ಕೊಟ್ಟುಬಿಡುತ್ತಾರೆ. ರತ್ನ ಬಗ್ಗಿ ಕಾಗದವನ್ನು ನೋಡಿ, "ಯಾವ್ದಾದ್ರೂ ಒಂದು ಬರೀರಿ, ಆಮೇಲೆ ನನ್ನನ್ನ ಕೇಳ್ಲಿಲ್ಲ ಅಂತ ಮುಖ ಊದಿಸ್ಕೋಬೇಡಿ" ಎಂದು ಹುಳುಮನೆಗೆ ಹೋದಳು. ಅಲ್ಲಿ ಹೊಸ ಬೆಳೆ ಎದ್ದಿತ್ತು. ಅದನ್ನು ನಾನು ಹೇಳಿದೆನೆಂದು ಯಾರಿಗೂ ಹೇಳಬೇಡಿ.

ಅಷ್ಟರಲ್ಲಿ ಫೋನು ಬಂತು. ಮೇಡಂ. ಕಾಗದದ ಬಗ್ಗೆ ಕೇಳುತ್ತಾರೆಂದುಕೊಂಡೆ. ಅವರು ಅದರ ಸುದ್ದಿಯನ್ನೇ ಎತ್ತಲಿಲ್ಲ. ಮಳೆ, ಶಾಲೆ, ರತ್ನಳ ಆರೋಗ್ಯ ಎಲ್ಲವನ್ನೂ ವಿಚಾರಿಸಿ, "ಅಂದ್ಹಂಗೆ ಸರ್, ಒಂದು ಹೊರೆ ಸೊಪ್ಪು ಸಿಗುತ್ತಾ?" ಎಂದರು.

"ಅಯ್ಯೋ, ನಮಗೇ ಸಾಲ್ತಿಲ್ಲ ಮೇಡಂ" ಎಂದೆ. "ಮುಂದಿನ ಗುರುವಾರದ ಮೇಲೆ ಬನ್ನಿ, ಎಷ್ಟು ಬೇಕಾದ್ರೂ ಕೊಡ್ತೀನಿ."

"ಗುರುವಾರ. ಬರ್ಕೊಂಡೆ ಸರ್, ಥ್ಯಾಂಕ್ಸ್" ಎಂದು ಫೋನಿಟ್ಟರು.

ಚಿಂತಾಮಣಿಯ ಬಾಡಿಗೆ ಮನೆಯಲ್ಲಿರುವ ಹೆಣ್ಣುಮಗಳಿಗೆ ಒಂದು ಹೊರೆ ಸೊಪ್ಪು ಯಾತಕ್ಕೆ ಎಂಬುದು ನನಗೆ ಹೊಳೆಯುವಷ್ಟರಲ್ಲಿ ಅರ್ಧ ಗಂಟೆಯಾಗಿತ್ತು.